ಫಾದರಿಂಗ್‌ಹೇ: ಕೋಟೆ ನೋಡಲು ಹೋದೆವು, ಸಿಕ್ಕಿದ್ದು ಹುಲ್ಲಿನ ದಿಬ್ಬ

ಏರಿಹಾದಿ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಇದ್ದೇವೆ. ಫಾದರಿಂಗ್‌ಹೇ ಎನ್ನುವ ಹಳ್ಳಿ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರ. ಇಷ್ಟು ವರ್ಷ ಇಲ್ಲೇ ಇದ್ದರೂ ಒಮ್ಮೆಯೂ ಹೋಗಿರಲಿಲ್ಲ. ಹೋಗಿ ಬಂದವರೆಲ್ಲ "ಅಲ್ಲಿ ಏನೂ ಇಲ್ಲ, ಒಂದು ದಿಬ್ಬ ಅಷ್ಟೇ" ಅನ್ನುತ್ತಿದ್ದರು. ಕಳೆದ ಶನಿವಾರ ಅಪ್ಪನನ್ನೂ ಮಗನನ್ನೂ ಕರೆದುಕೊಂಡು ಹೋದೆ. ಬಂದಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಊರು ಇನ್ನೂ ದೂರ ಇರುವಾಗಲೇ ಚರ್ಚಿನ ಗೋಪುರ ಕಾಣುತ್ತದೆ. ಮೇಲ್ಭಾಗ ಎಂಟು ಮೂಲೆಯದು, ಕಿಟಕಿಗಳೇ ಜಾಸ್ತಿ, ಲಾಟೀನು ಇಟ್ಟ ಹಾಗೆ. ಇಷ್ಟು ಚಿಕ್ಕ ಹಳ್ಳಿಗೆ ಇಷ್ಟು ದೊಡ್ಡ ಚರ್ಚು ಯಾಕೆ ಅಂತ ಅಪ್ಪ ಆಗಲೇ ಕೇಳಿದರು. ಕೋಟೆ ಇರುವುದು ಹಳ್ಳಿಯ ಇನ್ನೊಂದು ತುದಿಯಲ್ಲಿ. ತೋಟದ ಮನೆಯೊಂದರ ಪಕ್ಕ ದಾರಿ ಹೋಗುತ್ತದೆ. ಟಿಕೆಟ್ ಇಲ್ಲ, ಕಾವಲಿನವರಿಲ್ಲ. ಗೇಟು ತೆರೆದು ಒಳಗೆ ಹೋದರೆ ಹುಲ್ಲುಗಾವಲು. ನಡುವೆ ದುಂಡಗಿನ ದಿಬ್ಬ, ಸುಮಾರು 7 ಮೀಟರ್ ಎತ್ತರ.

ಮಗ ಸುತ್ತ ನೋಡಿ "ಕೋಟೆ ಎಲ್ಲಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನನ್ನು ಕರೆದುಕೊಂಡು ದಿಬ್ಬ ಹತ್ತಿದೆ. ಮೇಲೆ ಬರೀ ಹುಲ್ಲು, ಗಾಳಿ. ಕೆಳಗೆ ನೆನ್ ನದಿ ನಿಧಾನ ಹರಿಯುತ್ತಿತ್ತು.

ಅಪ್ಪ ಹತ್ತಲಿಲ್ಲ. ಮಂಡಿ ನೋವು ಇರಬೇಕು ಅಂದುಕೊಂಡೆ. ನೋಡಿದರೆ ಅವರು ದಿಬ್ಬದ ಬುಡದಲ್ಲಿರುವ ತಗ್ಗಿನಲ್ಲಿ ಇಳಿದು ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದರು. ಅಪ್ಪ ಹಿರಿಯೂರು ಕಡೆಯ ರೈತ. ನಮ್ಮೂರ ಕೆರೆ ಏರಿ ಒಡೆದಾಗ ಎರಡು ಬೇಸಿಗೆ ಪೂರ್ತಿ ನಿಂತು ಕಟ್ಟಿಸಿದವರು. ನಾನು ಕೆಳಗೆ ಬಂದಾಗ ಹೇಳಿದರು: "ಮಣ್ಣು ಬೇರೆ ಕಡೆಯಿಂದ ತಂದಿಲ್ಲ ಕಣಮ್ಮ. ಇಲ್ಲಿ ಅಗೆದದ್ದನ್ನು ಅಲ್ಲಿಗೆ ಹಾಕಿದ್ದಾರೆ. ಇದೇ ಗುಂಡಿ, ಅದೇ ದಿಬ್ಬ. ಎಂಟುನೂರು ಒಂಬೈನೂರು ವರ್ಷದ ಹೂಳು ತುಂಬಿಯೂ ಇಷ್ಟು ಆಳ ಉಳಿದಿದೆ ಅಂದರೆ ಆಗ ಎಷ್ಟಿತ್ತು ಲೆಕ್ಕ ಹಾಕು."

ಆಮೇಲೆ ಮಗನನ್ನು ಕಂದಕದ ತಳದಲ್ಲಿ ನಿಲ್ಲಿಸಿ "ಈಗ ಮೇಲೆ ನೋಡು. ಕೈಯಲ್ಲಿ ಕತ್ತಿ ಹಿಡಿದು ಇಲ್ಲಿಂದ ಹತ್ತಬೇಕು. ಮೇಲಿನಿಂದ ಕಲ್ಲು ಬೀಳುತ್ತಿದೆ. ಹತ್ತುತ್ತೀಯಾ?" ಅಂದರು. ಅವನು ಓಡಿ ಹತ್ತಲು ನೋಡಿದ. ಅರ್ಧಕ್ಕೆ ಜಾರಿದ. ಆಮೇಲೆ ಅವನು ಕೋಟೆ ಎಲ್ಲಿ ಅಂತ ಕೇಳಲೇ ಇಲ್ಲ.

ಮೇಲೆ ನಿಂತಿದ್ದ ನನಗೆ ಕಾಣದ ಕೋಟೆ ಕೆಳಗೆ ನಿಂತ ಅಪ್ಪನಿಗೆ ಕಂಡಿತು. ಇಂಥ ಮಣ್ಣಿನ ಕೋಟೆಗಳನ್ನು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ನೋಡಬೇಕು, ಎಲ್ಲಿಂದ ಶುರು ಮಾಡಬೇಕು, ಸ್ವಲ್ಪ ಹೇಳಿ. ಅಪ್ಪ ಇನ್ನೂ ಒಂದು ತಿಂಗಳು ಇಲ್ಲೇ ಇರುತ್ತಾರೆ.

ಕಾವೆಂಟ್ರಿ ಕನ್ನಡಿಗ

ನಿಮ್ಮ ಬರಹ ಚೆನ್ನಾಗಿದೆ ಮೇಡಂ. ಆದರೆ ನನ್ನ ಅನುಭವವನ್ನೂ ಹೇಳಬೇಕು. ನಾವು ಎರಡು ವರ್ಷದ ಹಿಂದೆ ಜುಲೈನಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಮೊಣಕಾಲುದ್ದ ಹುಲ್ಲು, ದಿಬ್ಬದ ತುಂಬ ಮುಳ್ಳಿನ ಗಿಡ, ಕುರಿ ಹಿಕ್ಕೆ. ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದೆವು. ಮಕ್ಕಳು ಇವತ್ತಿಗೂ ಅದನ್ನು ಹೇಳುತ್ತಾರೆ. ವಾರ್ವಿಕ್ ಕೋಟೆಯಲ್ಲಿ ಗೋಡೆ ಇದೆ, ಗೋಪುರ ಇದೆ, ಹತ್ತಬಹುದು, ನೋಡಬಹುದು. ಗೋಡೆಯೇ ಇಲ್ಲದ ಜಾಗಕ್ಕೆ ಕೋಟೆ ಅಂತ ಹೆಸರಿಟ್ಟು ಜನರನ್ನು ಕರೆಯುವುದು ಸರಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಳೆಗೋಡೆ

ಏರಿಹಾದಿ ಅವರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೆಜ್ಜೆ ಎಣಿಸಿದ್ದೇ ಸರಿಯಾದ ಕ್ರಮ. ಮೊದಲು ಕಂದಕ, ಆಮೇಲೆ ದಿಬ್ಬ.

ಈ ಬಗೆಯ ಕೋಟೆಗೆ ಎರಡು ಭಾಗ. ಒಂದು ದಿಬ್ಬ, ಅದನ್ನು ಮಾಟ್ ಅನ್ನುತ್ತಾರೆ. ಇನ್ನೊಂದು ಅದರ ಪಕ್ಕದ ಅಂಗಳ, ಅದು ಬೇಯ್ಲಿ. ದಿಬ್ಬದ ಮೇಲೆ ಮರದ ಗೋಪುರ. ಅಂಗಳದಲ್ಲಿ ಅಡುಗೆಮನೆ, ಲಾಯ, ಕಣಜ, ಜನ ಕೂರುವ ಚಾವಡಿ. ಎರಡರ ಸುತ್ತಲೂ ಕಂದಕ, ಅದರ ಅಂಚಿಗೆ ಮರದ ಗೂಟಗಳ ಬೇಲಿ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡ್ ಗೆದ್ದ ಮೇಲೆ ಅವನ ಕಡೆಯವರು ಇಂಥವನ್ನು ಸಾಲು ಸಾಲಾಗಿ ಕಟ್ಟಿದರು. ಅವರು ಇದ್ದದ್ದು ಕೆಲವೇ ಸಾವಿರ ಜನ. ಸುತ್ತ ಇದ್ದವರೆಲ್ಲ ಸೋತವರು, ಸಿಟ್ಟಾದವರು. ಕಲ್ಲಿನ ಕೋಟೆ ಕಟ್ಟುತ್ತಾ ಕೂತರೆ ವರ್ಷಗಟ್ಟಲೆ ಬೇಕು. ಮಣ್ಣು ಎಲ್ಲ ಕಡೆ ಇದೆ, ಅಗೆಯಲು ಊರಿನವರನ್ನು ಹಿಡಿದು ತರಬಹುದು. ಯಾರ್ಕ್ ಊರಿನ ಎರಡನೇ ಕೋಟೆಗೆ 1069ರಲ್ಲಿ ವಿಲಿಯಂ ಎಂಟು ದಿನ ಅಲ್ಲಿ ಉಳಿದನೆಂದು ಒಬ್ಬ ಹಳೆಯ ಚರಿತ್ರೆಕಾರ ಬರೆದಿದ್ದಾನೆ.

ಬಯೋ ಕಸೂತಿ ಪಟ ಅಂತ ಇದೆ. ಸುಮಾರು 70 ಮೀಟರ್ ಉದ್ದದ ಬಟ್ಟೆ, ಅದರ ಮೇಲೆ 1066ರ ಕಥೆಯನ್ನು ದಾರದಲ್ಲಿ ಹೊಲಿದಿದ್ದಾರೆ. ಅದರಲ್ಲಿ ಹೇಸ್ಟಿಂಗ್ಸ್‌ನಲ್ಲಿ ದಿಬ್ಬ ಎತ್ತುವ ಚಿತ್ರವಿದೆ. ಆಳುಗಳು ಸಲಿಕೆ ಹಿಡಿದು ಮಣ್ಣು ಹಾಕುತ್ತಿದ್ದಾರೆ. ದಿಬ್ಬವನ್ನು ಪಟ್ಟಿ ಪಟ್ಟಿಯಾಗಿ ಬೇರೆ ಬೇರೆ ಬಣ್ಣದಲ್ಲಿ ಹೊಲಿದಿದ್ದಾರೆ. ಸುಮ್ನೆ ಅಂದಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಅಗೆದು ನೋಡಿದ ಕೆಲವು ದಿಬ್ಬಗಳಲ್ಲಿ ನಿಜವಾಗಿಯೂ ಪದರ ಪದರ ಸಿಕ್ಕಿದೆ. ಒಂದು ಪದರ ಜೇಡಿ ಮಣ್ಣು, ಒಂದು ಪದರ ಕಲ್ಲು ಅಥವಾ ಗರಸು, ಮತ್ತೆ ಜೇಡಿ. ಪ್ರತಿ ಪದರವನ್ನೂ ಬಡಿದು ಗಟ್ಟಿ ಮಾಡುತ್ತಿದ್ದರು.

ಫಾದರಿಂಗ್‌ಹೇ ದಿಬ್ಬ ಎದ್ದದ್ದು ಸುಮಾರು 1100ರಲ್ಲಿ. ಎತ್ತಿಸಿದವನು ನಾರ್ತಾಂಪ್ಟನ್ ಸೀಮೆಯ ದೊರೆ ಸೈಮನ್ ಡಿ ಸೆನ್ಲಿಸ್. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ, ಮಾಡ್ ಎನ್ನುವವಳು, ಸ್ಕಾಟ್ಲೆಂಡಿನ ರಾಜಕುಮಾರ ಡೇವಿಡ್‌ನನ್ನು ಮದುವೆಯಾದಳು. ಡೇವಿಡ್ ಆಮೇಲೆ ಸ್ಕಾಟ್ಲೆಂಡಿಗೆ ರಾಜನಾದ. ಹಾಗಾಗಿ ಈ ಕೋಟೆ ಸ್ವಲ್ಪ ಕಾಲ ಸ್ಕಾಟ್ ರಾಜಮನೆತನದ ಕೈಯಲ್ಲೇ ಇತ್ತು. ಇಲ್ಲಿ ಮುಂದೆ ಏನು ನಡೆಯಿತು ಅಂತ ಗೊತ್ತಿದ್ದವರಿಗೆ ಇದನ್ನು ಓದಿದಾಗ ಎದೆ ಸ್ವಲ್ಪ ಭಾರ ಆಗುತ್ತದೆ.

ಕಾವೆಂಟ್ರಿ ಅವರೇ, ನೀವು ಹೋದ ತಿಂಗಳು ಸರಿ ಇರಲಿಲ್ಲ. ಮಣ್ಣಿನ ಕೋಟೆಯನ್ನು ಬೇಸಿಗೆಯ ನಡು ಮಧ್ಯಾಹ್ನ ನೋಡಬಾರದು. ಹುಲ್ಲು ಎಲ್ಲ ತಗ್ಗನ್ನೂ ಮುಚ್ಚಿಬಿಡುತ್ತದೆ, ನೆತ್ತಿ ಮೇಲಿನ ಬಿಸಿಲಿಗೆ ನೆರಳೇ ಬೀಳುವುದಿಲ್ಲ. ನವೆಂಬರ್‌ನಿಂದ ಮಾರ್ಚ್ ಒಳಗೆ, ಸೂರ್ಯ ಇಳಿಯುವ ಹೊತ್ತಿಗೆ ಹೋಗಿ. ಒಂದು ಗೇಣು ಎತ್ತರದ ಏರಿಗೂ ಉದ್ದ ನೆರಳು ಬೀಳುತ್ತದೆ.

ಪದಪ್ರೇಮಿ

ಒಂದು ಸಂಶಯ. ಮಾಟ್ ಅಂದರೆ ದಿಬ್ಬ ಅಂತ ಬರೆದಿದ್ದೀರಿ. ನಾವು ಶಾಲೆಯಲ್ಲಿ ಮೋಟ್ ಅಂದರೆ ಕೋಟೆ ಸುತ್ತ ಇರುವ ಕಂದಕ ಅಂತ ಕಲಿತೆವು. ಎರಡೂ ಬೇರೆ ಪದಗಳಾ? ಕನ್ನಡದಲ್ಲಿ ಈ ದಿಬ್ಬಕ್ಕೆ ಏನು ಹೇಳಬಹುದು? ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡೇವು ಇರುತ್ತದಲ್ಲ, ಅದೇ ಅನ್ನಬಹುದಾ?

ಹಳೆಗೋಡೆ

ಒಳ್ಳೆಯ ಪ್ರಶ್ನೆ. ಎರಡರ ಬೇರೂ ಒಂದೇ. ಹಳೆಯ ಫ್ರೆಂಚಿನಲ್ಲಿ ಆ ಪದಕ್ಕೆ ದಿಬ್ಬ ಎಂದು ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಅದು ದಿಬ್ಬದಿಂದ ಇಳಿದು ಪಕ್ಕದ ಗುಂಡಿಗೆ ಹೆಸರಾಯಿತು. ಏರಿಹಾದಿ ಅವರ ತಂದೆ "ಇದೇ ಗುಂಡಿ, ಅದೇ ದಿಬ್ಬ" ಅಂದರಲ್ಲ, ಪದದ ಕಥೆಯೂ ಅದೇ.

ಹುಡೇವು ಬೇಡ ಅನ್ನಿಸುತ್ತದೆ. ಹುಡೇವು ಅಂದರೆ ಕಟ್ಟಿದ ಕಾವಲು ಬುರುಜು. ಇದು ಗುಡ್ಡೆ ಹಾಕಿದ ಮಣ್ಣು. "ಕೋಟೆ ದಿಬ್ಬ" ಅಂದರೆ ಸಾಕು, ಎಲ್ಲರಿಗೂ ಅರ್ಥ ಆಗುತ್ತದೆ.

ಏರಿಹಾದಿ

ಹಳೆಗೋಡೆ ಸರ್, ಪದರದ ವಿಷಯ ಅಪ್ಪನಿಗೆ ಓದಿ ಹೇಳಿದೆ. ತುಂಬ ಖುಷಿ ಆಯಿತು ಅವರಿಗೆ. "ಏರಿಯೂ ಹಾಗೇ ಕಣಮ್ಮ. ಒಂದೇ ಸಲ ಸುರಿದರೆ ಮೊದಲ ಮಳೆಗೇ ಕುಸಿಯುತ್ತದೆ. ಅರ್ಧ ಮೊಳ ಹಾಕು, ನೀರು ಚಿಮುಕಿಸು, ದಮ್ಮಸ್ಸು ಹೊಡೆ, ಆಮೇಲೆ ಮುಂದಿನದು" ಅಂದರು. ಇನ್ನೊಂದು ಕೇಳಿದರು. ಹೊಸ ದಿಬ್ಬದ ಮೇಲೆ ಕಲ್ಲಿನ ಗೋಪುರ ಕಟ್ಟಿದರೆ ಕೂರುವುದಿಲ್ಲವಾ? ಹಾಕಿದ ಮಣ್ಣು ಇಳಿಯಲು ವರ್ಷಗಳೇ ಬೇಕಲ್ಲವಾ?

ಹಳೆಗೋಡೆ

ಅವರ ಅನುಮಾನ ನೂರಕ್ಕೆ ನೂರು ಸರಿ. ಅದಕ್ಕೇ ಮೊದಲು ಮರದ ಗೋಪುರ. ದಿಬ್ಬ ಕೂತ ಮೇಲೆ, ಎರಡು ಮೂರು ತಲೆಮಾರು ಕಳೆದು, ಕಲ್ಲು ಬಂದ ಕೋಟೆಗಳೇ ಜಾಸ್ತಿ. ಆಗಲೂ ಹಲವು ಕಡೆ ನಡುವೆ ದಪ್ಪ ಗೋಪುರ ಏರಿಸದೆ ದಿಬ್ಬದ ಅಂಚಿಗೆ ಬಳೆಯ ಹಾಗೆ ಗೋಡೆ ಕಟ್ಟಿದರು. ಭಾರ ಒಂದೇ ಕಡೆ ಬೀಳುವುದಿಲ್ಲ. ಯಾರ್ಕ್‌ನ ಕ್ಲಿಫರ್ಡ್ಸ್ ಟವರ್ ದಿಬ್ಬದ ಮೇಲೆಯೇ ಇರುವ ಕಲ್ಲಿನ ಗೋಪುರ. 14ನೇ ಶತಮಾನದಲ್ಲೇ ಅದರ ಗೋಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿತು. ಈಗಲೂ ಆ ಗೋಡೆ ನೋಡಿದರೆ ಗೊತ್ತಾಗುತ್ತದೆ.

ತುಂತುರುಮಳೆ

ಯಾರೂ ಇನ್ನೂ ರಾಣಿ ಮೇರಿಯ ಹೆಸರು ಎತ್ತಿಲ್ಲ. ನಾನು ಫಾದರಿಂಗ್‌ಹೇಗೆ ಹೋದದ್ದೇ ಅವಳಿಗಾಗಿ, ಮೂರು ಸಲ.

ಸ್ಕಾಟ್ಲೆಂಡಿನ ರಾಣಿ ಮೇರಿ ಆಸರೆ ಕೇಳಿ 1568ರಲ್ಲಿ ಇಂಗ್ಲೆಂಡಿಗೆ ಬಂದಳು. ಅಲ್ಲಿನ ಆಗಿನ ರಾಣಿ ಎಲಿಜಬೆತ್ ಅವಳನ್ನು ಬಿಡಲೇ ಇಲ್ಲ. ಹತ್ತೊಂಬತ್ತು ವರ್ಷ ಒಂದು ಕೋಟೆಯಿಂದ ಇನ್ನೊಂದಕ್ಕೆ ಸಾಗಿಸುತ್ತಾ ಸೆರೆಯಲ್ಲಿ ಇಟ್ಟಳು. 1586ರ ಸೆಪ್ಟೆಂಬರ್ ಕೊನೆಗೆ ಮೇರಿಯನ್ನು ಇಲ್ಲಿಗೆ ತಂದರು. ಅಕ್ಟೋಬರ್ 14 ಮತ್ತು 15ರಂದು ಇಲ್ಲೇ ವಿಚಾರಣೆ. 1587ರ ಫೆಬ್ರವರಿ 8ರ ಬೆಳಿಗ್ಗೆ ಕೋಟೆಯ ದೊಡ್ಡ ಚಾವಡಿಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಕಟ್ಟೆಯ ಮೇಲೆ ಅವಳ ತಲೆ ಕಡಿದರು. ಆಗ ಅವಳಿಗೆ 44 ವರ್ಷ. ಒಂದೇ ಏಟಿಗೆ ಮುಗಿಯಲಿಲ್ಲ. ಆಮೇಲೆ ಅವಳ ಪುಟ್ಟ ನಾಯಿ ಲಂಗದ ಅಡಿಯಿಂದ ಹೊರಗೆ ಬಂತಂತೆ. ಅದು ಅವಳನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಈ ನಾಯಿಯ ಮಾತು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಏರಿಹಾದಿ ಅಕ್ಕ, ಇನ್ನೊಮ್ಮೆ ಹೋದಾಗ ದಿಬ್ಬದಿಂದ ನದಿ ಕಡೆಗೆ ಇಳಿಯಿರಿ. ಸಮತಟ್ಟಾದ ಹುಲ್ಲಿನ ಅಂಗಳ ಸಿಗುತ್ತದೆ. ಅದೇ ಒಳ ಬೇಯ್ಲಿ. ಆ ಚಾವಡಿ ನಿಂತಿದ್ದದ್ದು ಅಲ್ಲಿ. ಎಷ್ಟೋ ಜನ ದಿಬ್ಬದ ಮೇಲೆಯೇ ಮೇರಿ ಸತ್ತಳು ಅಂದುಕೊಂಡು ಅಲ್ಲೇ ಫೋಟೋ ತೆಗೆದು ಹೊರಟುಬಿಡುತ್ತಾರೆ. ಕೆಳಗಿನ ಅಂಗಳದಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿ.

ಬೇಸಿಗೆಯಲ್ಲಿ ಕಾವೆಂಟ್ರಿ ಅವರ ಮಕ್ಕಳಿಗೆ ಚುಚ್ಚಿದ ಮುಳ್ಳಿನ ಗಿಡ ಇದೆಯಲ್ಲ, ಅದು ಥಿಸಲ್, ಸ್ಕಾಟ್ಲೆಂಡಿನ ಗುರುತಿನ ಹೂವು. ಮೇರಿಯೇ ನೆಟ್ಟಳು ಅಂತ ಸ್ಥಳೀಯರು ಹೇಳುತ್ತಾರೆ. "ರಾಣಿ ಮೇರಿಯ ಕಣ್ಣೀರು" ಅನ್ನುವುದು ಅದಕ್ಕಿರುವ ಹೆಸರು. ಕಥೆ ಇರಬಹುದು. ಆದರೂ ಆ ನೇರಳೆ ಹೂವನ್ನು ಅಲ್ಲಿ ನೋಡಿದರೆ ಕೀಳಲು ಮನಸ್ಸು ಬರುವುದಿಲ್ಲ.

ಕಾವೆಂಟ್ರಿ ಕನ್ನಡಿಗ

ಅಂಗಳದ ವಿಷಯ ಗೊತ್ತಿರಲಿಲ್ಲ. ನಾವು ಕೂಡ ದಿಬ್ಬದ ಮೇಲೆಯೇ ಫೋಟೋ ತೆಗೆದು ಬಂದವರು. ಒಂದು ಕೇಳುತ್ತೇನೆ. ಇಷ್ಟು ದೊಡ್ಡ ಕೋಟೆ ಪೂರ್ತಿ ಎಲ್ಲಿ ಹೋಯಿತು? ಮೇರಿಯ ಮಗ ಜೇಮ್ಸ್ ಇಂಗ್ಲೆಂಡಿಗೆ ರಾಜನಾದ ಮೇಲೆ ಅಮ್ಮನನ್ನು ಕೊಂದ ಸಿಟ್ಟಿಗೆ ನೆಲಸಮ ಮಾಡಿಸಿದ ಅಂತ ಎಲ್ಲೋ ಓದಿದ ನೆನಪು.

ಹಳೆಗೋಡೆ

ಆ ಕಥೆ ತುಂಬ ಹಬ್ಬಿದೆ. ಕೇಳಲು ಚೆನ್ನಾಗಿದೆ, ಆದರೆ ನಿಜ ಅಲ್ಲ. ಜೇಮ್ಸ್ ತೀರಿಕೊಂಡದ್ದು 1625ರ ಮಾರ್ಚ್‌ನಲ್ಲಿ. ಅದೇ ವರ್ಷ ಮಾಡಿದ ಸಮೀಕ್ಷೆಯಲ್ಲಿ ಕೋಟೆ ಇನ್ನೂ ನಿಂತೇ ಇತ್ತು. ಆಮೇಲೆ ಅದು ಹಾಳಾದದ್ದು ಸಾಮಾನ್ಯ ಕಾರಣಕ್ಕೆ. ಯಾರಿಗೂ ಬೇಡವಾಯಿತು, ಕೆತ್ತಿದ ಒಳ್ಳೆಯ ಕಲ್ಲು ಸುಮ್ಮನೆ ಬಿದ್ದಿತ್ತು, ಸುತ್ತಮುತ್ತ ಮನೆ ಕಟ್ಟುವವರಿಗೆ ಕಲ್ಲು ಬೇಕಿತ್ತು. ಒಯ್ದರು. ಹತ್ತಿರದ ಔಂಡಲ್ ಪೇಟೆಯಲ್ಲಿ ಟಾಲ್ಬಟ್ ಎನ್ನುವ ಹಳೆಯ ಹೋಟೆಲ್ ಇದೆ. ಅದಕ್ಕೆ ಇಲ್ಲಿನ ಕಲ್ಲು ಹೋಗಿದೆ ಎನ್ನುತ್ತಾರೆ. ಅಲ್ಲಿನ ಮರದ ಮೆಟ್ಟಿಲು ಮೇರಿ ಕೊನೆಯ ಸಲ ಇಳಿದು ಬಂದ ಮೆಟ್ಟಿಲೇ ಎಂಬ ಮಾತೂ ಊರಿನಲ್ಲಿ ಇದೆ.

ಕಲ್ಲು ಒಯ್ದರೆ ಲಾಭ. ಮಣ್ಣನ್ನು ಯಾರು ಒಯ್ಯುತ್ತಾರೆ? ಹಾಗಾಗಿ 1100ರ ಮಣ್ಣು ಉಳಿಯಿತು, ಅದಕ್ಕಿಂತ ಇನ್ನೂರೈವತ್ತು ಮುನ್ನೂರು ವರ್ಷ ಆಮೇಲೆ ಬಂದ ಕಲ್ಲು ಹೋಯಿತು. ನದಿ ದಂಡೆಯಲ್ಲಿ ಕಬ್ಬಿಣದ ಬೇಲಿ ಹಾಕಿದ ಒಂದು ಗಾರೆ ಕಲ್ಲಿನ ತುಂಡು ಇದೆ. ಉಳಿದ ಗೋಡೆ ಅಂದರೆ ಅದೊಂದೇ.

ಏರಿಹಾದಿ

ಆ ತುಂಡನ್ನು ನೋಡಿದೆವು. ಅದರ ಬೇಲಿಯ ಮೇಲೆ ಮೇರಿಯ ಹೆಸರಿನ ಫಲಕ ಇದೆ, ರಾಜ 3ನೇ ರಿಚರ್ಡ್ ಹುಟ್ಟಿದ ಜಾಗ ಅಂತ ಇನ್ನೊಂದು ಇದೆ. 1452ರ ಅಕ್ಟೋಬರ್ 2. ನಾವು ಹೋದದ್ದೂ ಅಕ್ಟೋಬರ್. ಲೆಸ್ಟರ್‌ನ ಕಾರ್ ಪಾರ್ಕಿಂಗ್ ಅಡಿಯಲ್ಲಿ 2012ರಲ್ಲಿ ಮೂಳೆ ಸಿಕ್ಕಿತಲ್ಲ, ಅದೇ ರಾಜ. ಮಗನಿಗೆ ಶಾಲೆಯಲ್ಲಿ ಹೇಳಿದ್ದರಂತೆ. "ಅವನು ಇಲ್ಲೇ ಹುಟ್ಟಿದ್ದಾ?" ಅಂತ ಬಾಯಿ ಬಿಟ್ಟು ನೋಡಿದ.

ಚರ್ಚು ಯಾಕೆ ಅಷ್ಟು ದೊಡ್ಡದು ಅಂತ ಅಪ್ಪ ಕೇಳಿದ್ದಕ್ಕೆ ಉತ್ತರವೂ ಒಳಗೆ ಹೋದ ಮೇಲೆ ಸಿಕ್ಕಿತು. 3ನೇ ಎಡ್ವರ್ಡ್ ರಾಜ 1377ರಲ್ಲಿ ಕೋಟೆಯನ್ನು ಮಗ ಎಡ್ಮಂಡ್‌ಗೆ ಕೊಟ್ಟ. ಅವನಿಂದ ಯಾರ್ಕ್ ಮನೆತನ ಬೆಳೆಯಿತು. ಇದು ಅವರ ಊರು, ಅವರ ಸಮಾಧಿ ಇರುವ ಚರ್ಚು. ರಿಚರ್ಡ್‌ನ ಅಪ್ಪ ಅಮ್ಮ ಇಬ್ಬರೂ ಅಲ್ಲೇ ಮಲಗಿದ್ದಾರೆ. ಗೋಪುರದ ತುದಿಯಲ್ಲಿ ಗಾಳಿ ನೋಡುವ ಗಿಡುಗ ಇದೆ, ಅದು ಯಾರ್ಕ್ ಮನೆತನದ ಗುರುತು. ಕೋಟೆಯವರು ಹೋದರು, ಕೋಟೆ ಹೋಯಿತು, ಗಿಡುಗ ಇನ್ನೂ ಗಾಳಿಗೆ ತಿರುಗುತ್ತಿದೆ.

ನದಿದಂಡೆ

ನಾನು ಸ್ವಲ್ಪ ಬೇರೆ ಕಡೆಗೆ ಮಾತು ತಿರುಗಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರಾಜ ರಾಣಿಯರ ಮಾತು ಆಯಿತು. ಆ ಗುಂಡಿ ಅಗೆದವರ ಮಾತು?

1086ರಲ್ಲಿ ವಿಲಿಯಂ ಇಡೀ ದೇಶದ ಆಸ್ತಿ ಲೆಕ್ಕ ಬರೆಸಿದ. ಡೂಮ್ಸ್‌ಡೇ ಪುಸ್ತಕ ಅನ್ನುತ್ತಾರೆ. ಅದರಲ್ಲಿ ಕೋಟೆ ಕಟ್ಟಲು ಎಷ್ಟು ಮನೆ ಕೆಡವಿದರು ಅಂತಲೂ ಊರೂರಿನ ಲೆಕ್ಕ ಇದೆ. ಲಿಂಕನ್‌ನಲ್ಲಿ 166 ಮನೆ. ನಾರಿಚ್‌ನಲ್ಲಿ 98. ಆ ಮನೆಯವರೆಲ್ಲ ಎಲ್ಲಿಗೆ ಹೋದರು, ಆ ಪುಸ್ತಕ ಹೇಳುವುದಿಲ್ಲ. ಸೋತ ಇಂಗ್ಲಿಷರು ಬರೆದಿಟ್ಟ ವರ್ಷವಾರು ಚರಿತ್ರೆಯಲ್ಲಿ, ದೇಶದ ಉದ್ದಗಲಕ್ಕೂ ಕೋಟೆ ಎದ್ದವು, ಬಡವರು ನಲುಗಿದರು ಅಂತ ಬರೆದಿದೆ. ನನ್ನ ಮಟ್ಟಿಗೆ ಈ ದಿಬ್ಬಗಳಲ್ಲಿ ಅದೇ ಮೊದಲು ಕಾಣುತ್ತದೆ. ಒಂದು ಊರಿನ ನಡುವೆ ಮನೆ ಕೆಡವಿ, ಆ ಊರಿನವರ ಕೈಯಲ್ಲೇ ಅಗೆಸಿ, ಅವರ ತಲೆ ಮೇಲೆ ಕಾವಲು ಕೂರಿಸಿದ್ದು. ಬಯೋ ಪಟದಲ್ಲಿ ಸಲಿಕೆ ಹಿಡಿದ ಆಳುಗಳನ್ನು ಹೊಲಿದಿದ್ದಾರೆ ಅಂದಿರಿ. ಅಷ್ಟಾದರೂ ಹೊಲಿದರಲ್ಲ.

ಏರಿಹಾದಿ

ಬೇಸರ ಯಾಕೆ? ಅಪ್ಪನೂ ಅಲ್ಲಿ ನಿಂತು ಕೇಳಿದ್ದು ಅದನ್ನೇ. "ಇಷ್ಟು ಮಣ್ಣಿಗೆ ಕಡಿಮೆ ಅಂದರೂ ನೂರಾರು ಆಳು ಬೇಕು. ಕೂಲಿ ಕೊಟ್ಟಿದ್ದರಾ?" ಅಂದರು. ಆಗ ನನಗೆ ಗೊತ್ತಿರಲಿಲ್ಲ. ನಿಮ್ಮ ಮಾತನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ರೈಲಲ್ಲೇ ಓಡಾಟ

ಕಾರು ಇಲ್ಲದ ನಮ್ಮಂಥವರಿಗೆ ಒಂದು ಜಾಗ ಹೇಳುತ್ತೇನೆ. ಬರ್ಕಾಮ್‌ಸ್ಟೆಡ್. ಲಂಡನ್ ಯೂಸ್ಟನ್‌ನಿಂದ ನಲವತ್ತು ನಿಮಿಷದ ಒಳಗೆ. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕೋಟೆ. ಅಲ್ಲೂ ಟಿಕೆಟ್ ಇಲ್ಲ. 1066ರ ಕೊನೆಗೆ ಇಂಗ್ಲಿಷ್ ಮುಖಂಡರು ವಿಲಿಯಂನಿಗೆ ಶರಣಾದ ಊರು ಇದು. ಅವನ ತಮ್ಮ, ಬೇರೆ ತಂದೆಯ ಮಗ, ಮಾರ್ಟೇನ್ ದೊರೆ ರಾಬರ್ಟ್ ಇಲ್ಲಿ ದಿಬ್ಬ ಎತ್ತಿಸಿದ. ಸುಮಾರು 12 ಮೀಟರ್ ಇದೆ, ಮೇಲೆ ಹೋಗಲು ಮೆಟ್ಟಿಲು ಇದೆ. ಹೊರಗೊಂದು ಒಳಗೊಂದು ಎರಡು ಸುತ್ತು ಕಂದಕ. ಜೋರು ಮಳೆ ಬಂದ ಮೇಲೆ ಕೆಲವು ಕಡೆ ನೀರೂ ನಿಲ್ಲುತ್ತದೆ.

1216ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ರಾಜಕುಮಾರ ಲೂಯಿ ಇದನ್ನು ಮುತ್ತಿದ. ಕಲ್ಲೆಸೆಯುವ ಯಂತ್ರಗಳನ್ನು ತಂದಿದ್ದ. ಸುಮಾರು ಎರಡು ವಾರ ತಡೆದು ಕೋಟೆ ಶರಣಾಯಿತು. ಮಣ್ಣಿನ ಏರಿ ಎಷ್ಟು ಗಟ್ಟಿ ಇದ್ದಿರಬೇಕು ನೋಡಿ.

ಏರಿಹಾದಿ ಅವರೇ, ನಿಮ್ಮ ಫಾದರಿಂಗ್‌ಹೇಗೂ ಇದಕ್ಕೂ ನಂಟು ಇದೆ. 3ನೇ ರಿಚರ್ಡ್‌ನ ತಾಯಿ ಸಿಸಿಲಿ ಕೊನೆಯ ವರ್ಷಗಳನ್ನು ಕಳೆದದ್ದು ಬರ್ಕಾಮ್‌ಸ್ಟೆಡ್ ಕೋಟೆಯಲ್ಲಿ. 1495ರಲ್ಲಿ ಇಲ್ಲೇ ತೀರಿಕೊಂಡು ಫಾದರಿಂಗ್‌ಹೇ ಚರ್ಚಿಗೆ ಹೋದಳು. ನೀವು ನೋಡಿದ ಸಮಾಧಿ ಅವಳದೇ.

ಒಂದು ಬೇಜಾರು. 1830ರ ದಶಕದಲ್ಲಿ ರೈಲು ಹಾದಿ ಬಂದಾಗ ಕೋಟೆಯ ಹೊರಗಿನ ಸ್ವಲ್ಪ ಭಾಗ ಅದರಡಿ ಹೋಯಿತು. ಪೂರ್ತಿ ಹೋಗದೆ ಇದ್ದದ್ದು 1833ರ ರೈಲು ಕಾಯ್ದೆಯಲ್ಲೇ ಕೋಟೆಗೆ ರಕ್ಷಣೆ ಬರೆದಿದ್ದರಿಂದ. ದಿಬ್ಬದ ಮೇಲೆ ನಿಂತಾಗ ಪಕ್ಕದಲ್ಲೇ ರೈಲು ಹೋಗುತ್ತಿರುತ್ತದೆ. ನನಗೆ ಅದೂ ಇಷ್ಟ.

ಕುತೂಹಲಿ

ಎಲ್ಲರ ಮಾಹಿತಿಗೂ ಥ್ಯಾಂಕ್ಸ್. ಮಗಳಿಗೆ ಹುಟ್ಟುಹಬ್ಬಕ್ಕೆ ಮೆಟಲ್ ಡಿಟೆಕ್ಟರ್ ಕೊಡಿಸಿದ್ದೇವೆ. ಇಂಥ ದಿಬ್ಬಗಳಲ್ಲಿ ಹಳೆಯ ನಾಣ್ಯ ಸಿಗಬಹುದಲ್ವಾ? ತೆಗೆದುಕೊಂಡು ಹೋಗೋಣವೇ?

ಹಳೆಗೋಡೆ

ದಯವಿಟ್ಟು ಬೇಡ. ಇಂಥ ಜಾಗಗಳು ಸರ್ಕಾರದ ರಕ್ಷಿತ ಸ್ಮಾರಕದ ಪಟ್ಟಿಯಲ್ಲಿವೆ. ಅನುಮತಿ ಇಲ್ಲದೆ ಅಲ್ಲಿ ಮೆಟಲ್ ಡಿಟೆಕ್ಟರ್ ಬಳಸುವುದೇ ಅಪರಾಧ, ಅಗೆಯುವುದು ಇನ್ನೂ ದೊಡ್ಡ ಅಪರಾಧ. ಕಾನೂನಿನ ಮಾತು ಬಿಡಿ. ಕಲ್ಲಿನ ಗೋಡೆಯಾದರೆ ಬಿದ್ದ ಕಲ್ಲನ್ನು ಮತ್ತೆ ಇಡಬಹುದು. ಮಣ್ಣಿನ ಪದರವನ್ನು ಒಮ್ಮೆ ಕಲಕಿದರೆ ಮುಗಿಯಿತು. ಯಾವ ಪದರ ಮೊದಲು, ಯಾವುದು ಆಮೇಲೆ ಅಂತ ಮತ್ತೆ ಯಾರೂ ಓದಲು ಆಗುವುದಿಲ್ಲ.

ಮಗಳಿಗೆ ಬೇರೆ ಒಂದು ಇದೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ನಕ್ಷೆಗಳು ಇವೆ, ಲೈಡಾರ್ ಅನ್ನುತ್ತಾರೆ. ಇಂಗ್ಲೆಂಡಿನದು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮರ, ಪೊದೆ ಎಲ್ಲ ತೆಗೆದು ಬರೀ ನೆಲ ತೋರಿಸುತ್ತದೆ. ಹೋಗುವ ಮೊದಲು ಮನೆಯಲ್ಲೇ ಕೂತು ದಿಬ್ಬ ಯಾವುದು, ಅಂಗಳ ಯಾವುದು, ಕಂದಕ ಎಲ್ಲಿ ತಿರುಗುತ್ತದೆ ಅಂತ ಹುಡುಕಿ. ಆಮೇಲೆ ಅಲ್ಲಿ ಹೋಗಿ ನಡೆದು ನೋಡಿ. ಮಕ್ಕಳಿಗೆ ತುಂಬ ಹಿಡಿಸುತ್ತದೆ.

ಗಡಿನಾಡು

ನಾನು ಶ್ರೂಸ್‌ಬರಿಯಲ್ಲಿ ಇದ್ದೇನೆ, ವೇಲ್ಸ್ ಗಡಿಗೆ ಹತ್ತಿರ. ಈ ಕಡೆ ಇಂಥ ದಿಬ್ಬಗಳು ಲೆಕ್ಕ ಇಲ್ಲದಷ್ಟು. ಒಂದರ ಬಗ್ಗೆ ಹೇಳಲೇಬೇಕು. ಮಾಂಟ್ಗೊಮೆರಿ ಹತ್ತಿರದ ಹೆನ್ ಡೊಮೆನ್. ವೆಲ್ಷ್ ಭಾಷೆಯಲ್ಲಿ ಹಳೆ ದಿಬ್ಬ ಅಂತಲೇ ಅರ್ಥ. 1070ರ ದಶಕದಲ್ಲಿ ರೋಜರ್ ಎನ್ನುವ ನಾರ್ಮನ್ ದೊರೆ ಕಟ್ಟಿಸಿದ್ದು. 1223ರಲ್ಲಿ ಹತ್ತಿರದ ಬಂಡೆಯ ಮೇಲೆ ಕಲ್ಲಿನ ಕೋಟೆ ಶುರುವಾಯಿತು. ಆಮೇಲೆ ಇದು ಮೂಲೆಗೆ ಬಿತ್ತು.

ಫಿಲಿಪ್ ಬಾರ್ಕರ್ ಮತ್ತು ಅವರ ಜೊತೆಯವರು ಇಲ್ಲಿ 1960ರಿಂದ ಮೂವತ್ತು ವರ್ಷ ಅಗೆದರು. ಮೂವತ್ತು ವರ್ಷ, ಒಂದೇ ದಿಬ್ಬ! ಮರದ ಕೋಟೆ ಆದ್ದರಿಂದ ಮರ ಯಾವಾಗಲೋ ಕೊಳೆತು ಹೋಗಿತ್ತು. ಕಂಬ ನೆಟ್ಟ ಗುಳಿಗಳಲ್ಲಿ ಮಣ್ಣಿನ ಬಣ್ಣ ಬೇರೆ ಇರುತ್ತದೆ. ಆ ಕಲೆಗಳನ್ನು ಒಂದೊಂದಾಗಿ ಗುರುತು ಮಾಡಿದರು. ಅಂಗಳ ಖಾಲಿ ಇದ್ದಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ನೋಡಿದರೆ ಮನೆಗೆ ಮನೆ ಒತ್ತಿಕೊಂಡು ತುಂಬಿದ್ದವು, ಕೆಡವಿ ಕೆಡವಿ ಮತ್ತೆ ಮತ್ತೆ ಕಟ್ಟಿದ್ದರು. ಆದರೆ ಬೆಲೆಬಾಳುವ ವಸ್ತುಗಳು ತೀರಾ ಕಡಿಮೆ. ಗಡಿ ಕಾಯುವವರ ಬದುಕು ಒರಟಾಗಿತ್ತು.

ಅದು ಖಾಸಗಿ ಜಮೀನು. ಹೋಗುವವರು ಮೊದಲು ಕೇಳಿ ಹೋಗಿ. ಎಲ್ಲ ಕಡೆಗೂ ಒಂದು ಮಾತು: ನೀರು ನಿಲ್ಲುವ ತಗ್ಗು ಇರುತ್ತದೆ, ಗಮ್ ಬೂಟ್ಸ್ ಹಾಕಿ. ಗೇಟು ಮುಚ್ಚಿ. ದಿಬ್ಬದ ಮೇಲೆ ಕಾಲುದಾರಿ ಇದ್ದರೆ ಅದರಲ್ಲೇ ಹತ್ತಿ. ಎಲ್ಲೆಂದರಲ್ಲಿ ಹತ್ತಿದರೆ ಹುಲ್ಲು ಸವೆದು ಮಳೆ ನೀರು ಕೊರೆಯಲು ಶುರು ಮಾಡುತ್ತದೆ.

ಏರಿಹಾದಿ

ಈ ಕೊನೆಯ ಮಾತು ಓದಿ ಅಪ್ಪ ಮಗನನ್ನು ಕರೆದು ಬುದ್ಧಿ ಹೇಳಿದರು. ಅವತ್ತು ಅವನನ್ನು ಕಂದಕದಿಂದ ಹತ್ತು ಅಂದದ್ದು ತಮ್ಮದೇ ತಪ್ಪು ಅಂತಲೂ ಹೇಳಿದರು. ನಮ್ಮೂರ ಏರಿಯ ಮೇಲೂ ಗರಿಕೆ ಬೆಳೆಯಲು ಬಿಡುತ್ತಾರೆ, ಆಡು ಹತ್ತಿದರೂ ಓಡಿಸುತ್ತಾರೆ. ಬೇರು ಹಿಡಿದಿದ್ದರೆ ಮಾತ್ರ ಮಣ್ಣು ನಿಲ್ಲುತ್ತದೆ.

ಕಾವೆಂಟ್ರಿ ಕನ್ನಡಿಗ

ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ಭಾನುವಾರ ಫಾದರಿಂಗ್‌ಹೇಗೆ ಇನ್ನೊಮ್ಮೆ ಹೋಗಿ ಬಂದೆವು. ಹಳೆಗೋಡೆ ಅವರು ಹೇಳಿದ ಹಾಗೆ ಮಧ್ಯಾಹ್ನ ಮೂರೂವರೆಗೆ ತಲುಪಿದೆವು. ನವೆಂಬರ್ ಬಿಸಿಲು ಆಗಲೇ ಹಳದಿ ತಿರುಗಿತ್ತು.

ಹುಲ್ಲು ಗಿಡ್ಡ ಇತ್ತು. ದಿಬ್ಬಕ್ಕೆ ಹೋಗಲಿಲ್ಲ, ಮೊದಲು ಕಂದಕದ ಸುತ್ತ ನಡೆದೆವು. ಅಂಗಳದ ಅಂಚಿನ ಏರಿ ಅವತ್ತು ನಮಗೆ ಕಂಡೇ ಇರಲಿಲ್ಲ. ನಿನ್ನೆ ಅದರ ನೆರಳು ಹುಲ್ಲಿನ ಮೇಲೆ ಗೆರೆ ಎಳೆದ ಹಾಗೆ ಬಿದ್ದಿತ್ತು. ದೊಡ್ಡ ಮಗಳು ಆ ಗೆರೆಯ ಮೇಲೆಯೇ ನಡೆಯುತ್ತಾ ಮೂಲೆಗೆ ಹೋಗಿ ತಿರುಗಿ, "ಅಪ್ಪಾ, ಇಲ್ಲಿ ಗೋಡೆ ಇತ್ತು, ಇಲ್ಲಿ ತಿರುಗುತ್ತಿತ್ತು" ಅಂತ ಕೂಗಿದಳು. ನಾನು ಹೇಳಿಕೊಟ್ಟದ್ದಲ್ಲ. ತುಂತುರುಮಳೆ ಅವರು ಹೇಳಿದ ಅಂಗಳದಲ್ಲಿ ನಿಂತೆವು. ಚಿಕ್ಕವಳು ನಾಯಿ ಆಮೇಲೆ ಏನಾಯಿತು ಅಂತ ಕೇಳಿದಳು.

ಕತ್ತಲಾಗುವವರೆಗೆ ಅಲ್ಲೇ ಇದ್ದೆವು. ಮೊದಲು ಬರೆದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಏರಿಹಾದಿ ಮೇಡಂ, ನಿಮ್ಮ ತಂದೆಯವರಿಗೆ ನನ್ನ ಕಡೆಯಿಂದ ದೊಡ್ಡ ಥ್ಯಾಂಕ್ಸ್ ಹೇಳಿ.

ಏರಿಹಾದಿ

ಖಂಡಿತ ಹೇಳುತ್ತೇನೆ. ಪಕ್ಕದಲ್ಲೇ ಕೂತಿದ್ದಾರೆ, ಓದಿ ಹೇಳಿದೆ. ಹೋದ ವಾರ ಇಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿಯಿತಲ್ಲ, ಕಂದಕದಲ್ಲಿ ನೀರು ನಿಂತಿತ್ತಾ, ನಿಂತಿದ್ದರೆ ಯಾವ ಕಡೆಗೆ ಅಂತ ಕೇಳುತ್ತಿದ್ದಾರೆ.

ಕಾವೆಂಟ್ರಿ ಕನ್ನಡಿಗ

ನಿಂತಿತ್ತು. ಎಲ್ಲ ಕಡೆ ಅಲ್ಲ, ಒಂದು ಮೂಲೆಯಲ್ಲಿ ಹತ್ತು ಹೆಜ್ಜೆ ಉದ್ದಕ್ಕೆ, ಪಾದ ಮುಳುಗುವಷ್ಟು. ಫೋಟೋ ಇದೆ, ಇವತ್ತು ರಾತ್ರಿ ಹಾಕುತ್ತೇನೆ.